ಉಣ್ಣೆ ನೂಲಿನ ಅಳತೆ

ನನ್ನ ಅತ್ತೆಯ ಮುಖ ನೋಡುವುದಕ್ಕೆ ಮುಂಚೆಯೇ ಆಕೆ ಕಳಿಸಿದ ನೂಲನ್ನು ನಾನು ನೋಡಿದ್ದೆ. ಚಳ್ಳಕೆರೆಯಿಂದ ಒಬ್ಬ ಆಳು ಮೊಳಕಾಲ್ಮುರಿನ ನಮ್ಮ ಮನೆಗೆ ಬಂದು, ಎಲೆಯಡಿಕೆ ತಟ್ಟೆಯಲ್ಲಿ ಕರಿ ಉಣ್ಣೆಯ ಒಂದು ತುಂಡು ಎಳೆ ಇಟ್ಟು, ಮದುಮಗನ ಬೆರಳಿನ ಅಳತೆ ಅಂದ. ಅಳಿಯನಿಗೆ ಉಂಗುರ ಹಾಕಬೇಕಾದವನು ನನ್ನ ಅಪ್ಪ. ಆದರೆ ಧಾರೆಗೆ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಬೆರಳು ಮುಟ್ಟಬಾರದು ಅನ್ನುವುದು ಅವರ ಮನೆಯ ಶಾಸ್ತ್ರವಂತೆ. ದೊಡ್ಡ ಶಾಸ್ತ್ರ! ಅವರೂ ನಮ್ಮ ಕುಲದವರೇ, ಮಗ್ಗ ಬಿಟ್ಟು ಎರಡು ತಲೆಮಾರಿನಿಂದ ಕಂಬಳಿ ವ್ಯಾಪಾರ ಹಿಡಿದವರು. ಕಂಬಳಿಯ ಅಂಚು ಹೊಲಿಯುವ ಉಣ್ಣೆಯೇ ಕೈಗೆ ಸಿಕ್ಕಿತ್ತು, ಅದನ್ನೇ ಕತ್ತರಿಸಿ ಕಳಿಸಿದ್ದರು.

ಅಪ್ಪ ರೇಷ್ಮೆ ನೇಯುವವನು. ಅಳತೆಗೆ ಕೊಟ್ಟ ನೂಲನ್ನು ಜಗ್ಗಬಾರದು ಅನ್ನುವುದು ಅವನ ರಕ್ತದಲ್ಲೇ ಇತ್ತು. ಅಕ್ಕಸಾಲಿಯ ಮುಂದೆ ಆ ಎಳೆಯನ್ನು ಹಲಗೆಯ ಮೇಲೆ ಮೆಲ್ಲಗೆ ಮಲಗಿಸಿ, ಇದರಷ್ಟೇ ಸುತ್ತಳತೆ ಇರಲಿ ಅಂದ. ಚಿನ್ನ ನಮ್ಮವ್ವನ ಕಿವಿಯೋಲೆಯದು. ಅವ್ವ ಸಾಯುವ ವಾರ ಅವನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾನೇ ಮಡಚಿ ಮುಚ್ಚಿದ್ದಳು. ಅಪ್ಪ ಕೇಳಿದಾಗ ಕೊಡಲ್ಲ ಅಂತ ಹಟ ಹಿಡಿದೆ.

"ನಿನ್ ಗಂಡನ ಕೈಯಾಗೇ ಇರ್ತೈತಲ್ಲವ್ವಾ, ಎಲ್ಲಿಗೋಗ್ತೈತೆ?" ಅಂದ ಅಪ್ಪ.

ಕೊಟ್ಟೆ. ಕೊಟ್ಟಿದ್ದಕ್ಕೆ ನನ್ನನ್ನು ನಾನೇ ಎಷ್ಟು ಬೈದುಕೊಂಡೆನೋ ಲೆಕ್ಕವಿಲ್ಲ. ಅಪ್ಪನ ಮೇಲೂ ಆ ಸಿಟ್ಟು ಬಹಳ ವರ್ಷ ಆರಲಿಲ್ಲ.

ಮದುವೆಯ ದಿನ ಉಂಗುರ ಮದುಮಗನ ಬೆರಳಿನ ಗೆಣ್ಣಿನ ಹತ್ತಿರ ನಿಂತೇಬಿಟ್ಟಿತು. ಅಪ್ಪ ತಿರುಗಿಸಿ ತಿರುಗಿಸಿ ನೋಡಿದ, ಒಳಗೆ ಹೋಗಲಿಲ್ಲ. ಚಪ್ಪರದಲ್ಲಿ ಗುಸುಗುಸು ಎದ್ದಿತು. ಅತ್ತೆ ಎದ್ದು ಬಂದಳು.

"ಏನ್ರಿ ಬೀಗ್ರೇ, ಚಿನ್ನ ಉಳಿಸಾಕೆ ನನ್ ಮಗನ ಬೆರಳನ್ನೇ ಸಣ್ಣ ಮಾಡಿಬಿಟ್ರಾ?"

"ನೀವು ಕಳ್ಸಿದ ಅಳತೆಗೇ ಮಾಡ್ಸೀನಿ ಕಣಮ್ಮಾ" ಅಂದ ಅಪ್ಪ. ಅವನ ದನಿ ಅವನಿಗೇ ಕೇಳಿಸಿರಲಿಕ್ಕಿಲ್ಲ.

ಆಕೆ ಹರಳೆಣ್ಣೆ ತರಿಸಿ, ಮಗನ ಬೆರಳಿಗೆ ಬಳಿದು, ಹಲ್ಲು ಕಚ್ಚಿ ಒತ್ತಿದಳು. ಉಂಗುರ ಗೆಣ್ಣು ದಾಟಿತು. ಎಲ್ಲರೂ ಉಸಿರು ಬಿಟ್ಟರು. ನನ್ನ ಅಪ್ಪ ತಲೆ ತಗ್ಗಿಸಿದ್ದವನು ಊಟದ ಪಂಕ್ತಿಯಲ್ಲೂ ಎತ್ತಲಿಲ್ಲ. ಅವನನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಗಾಡಿ ಚಳ್ಳಕೆರೆಗೆ ಹೊರಟಿತು. ತಳಕಿನಲ್ಲಿ ಎತ್ತಿಗೆ ನೀರು ಕುಡಿಸಲು ನಿಲ್ಲಿಸಿದಾಗ ಗಂಡನ ಕೈ ಕಂಡೆ. ಬಿಸಿಲಿಗೆ ಬೆರಳು ಊದಿ, ಉಂಗುರ ಮಾಂಸದೊಳಗೆ ಹೂತುಹೋಗಿತ್ತು. ನೋಯ್ತೈತಾ ಅಂತ ಕೇಳಿದೆ. ಅವನು ತನ್ನ ಅವ್ವನ ಕಡೆ ನೋಡಿ, ಇಲ್ಲ ಅಂದ. ಇಂಥ ಗಂಡ ನನಗೆ.

ಮೂರನೇ ದಿನ ಬೆರಳು ನೇರಳೆ ಬಣ್ಣಕ್ಕೆ ತಿರುಗಿತು. ಮಹಾರಾಯ ಕೂಗಾಡಲು ಶುರುಮಾಡಿದ. ಎಣ್ಣೆ ಹಚ್ಚಿದರು, ತಣ್ಣೀರಲ್ಲಿ ಅದ್ದಿದರು, ಸೀಗೆನೊರೆ ಬಳಿದರು. ಏನೂ ಆಗಲಿಲ್ಲ. ಕೊನೆಗೆ ಆ ಊರಿನ ಅಕ್ಕಸಾಲಿಯನ್ನು ಕರೆಸಿದರು. ವಯಸ್ಸಾದವನು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದ.

"ಇದನ್ನ ಅರದಾಗೆ ಕುಯ್ದು ತೆಗೀಬೇಕು. ತಡ ಮಾಡಿದ್ರೆ ಬೆರಳು ಕೊಳೀತೈತೆ."

"ಕುಯ್ರಿ ಆಚಾರ್ರೇ" ಅಂದಳು ಅತ್ತೆ. "ಕುಯ್ದು ಚಿನ್ನ ನನ್ ಕೈಗೆ ಕೊಡ್ರಿ. ನನ್ ಮಗಳಿಗೆ ಮೂಗುಬೊಟ್ಟು ಮಾಡಿಸ್ತೀನಿ. ಅಳತೆ ಗೊತ್ತಿಲ್ದ ನೇಕಾರ ಮಾಡ್ಸಿದ್ದು ಇಷ್ಟಕ್ಕೇ ಲಾಯಕ್ಕು."

ನನ್ನ ಅವ್ವನ ಓಲೆ ಇವಳ ಮಗಳ ಮೂಗಿಗೆ! ಪಿತ್ತ ನೆತ್ತಿಗೇರಿತು. ಮದುವೆಯಾಗಿ ಮೂರು ದಿನ, ಹೊಸ ಸೊಸೆ ಬಾಯಿ ಬಿಡಬಾರದು. ಬಿಟ್ಟೆ.

"ನಮ್ಮಪ್ಪಂಗೆ ಅಳತೆ ಗೊತ್ತು. ನಿಮಗೇ ಗೊತ್ತಿಲ್ಲ. ಹೆಂಗೆ ಅಳೆದ್ರಿ, ತೋರಿಸ್ರಿ ನೋಡಾನ."

ಆಕೆಗೂ ಸಿಟ್ಟು ಬಂತು. ಮೂಲೆಯಲ್ಲಿದ್ದ ಉಣ್ಣೆಯ ಉಂಡೆ ತಂದು, ಮಗನ ಇನ್ನೊಂದು ಕೈಯ ಅದೇ ಬೆರಳಿಗೆ ಎಳೆ ಸುತ್ತಿ, ಕಂಬಳಿ ಅಂಚು ಹೊಲಿಯುವಾಗ ಜಗ್ಗುವ ಹಾಗೆ ಬಿರ್ರನೆ ಜಗ್ಗಿ, ಕತ್ತರಿಸಿದಳು. ಕೈಬಿಟ್ಟ ಕೂಡಲೇ ಎಳೆ ಕುಗ್ಗಿತು. ನಾನು ಅದನ್ನು ಎತ್ತಿಕೊಂಡು ಜಗ್ಗದೆ ಅದೇ ಬೆರಳಿಗೆ ಸುತ್ತಿದೆ. ಎರಡು ತುದಿಗಳ ನಡುವೆ ಅರ್ಧ ಬೆರಳಗಲ ಜಾಗ ಉಳಿಯಿತು.

ಅಕ್ಕಸಾಲಿ ಮೀಸೆಯೊಳಗೇ ನಕ್ಕ. "ಉಣ್ಣ್ಯಾಗೆ ಯಾರಾದ್ರೂ ಬೆರಳು ಅಳೀತಾರಾ ಅಮ್ಮಾ?"

ಅತ್ತೆಯ ಮುಖ ಕಪ್ಪಿಟ್ಟಿತು. ತಪ್ಪು ಒಪ್ಪಿಕೊಳ್ಳುವ ಪೈಕಿಯೇ ಅಲ್ಲ ಆಕೆ. "ಅದೆಲ್ಲಾ ಇರ್ಲಿ, ಕುಯ್ರಿ ಅಂದ್ನಲ್ಲಾ!" ಅಂತ ಗದರಿದಳು.

ಅವನು ಅರ ಎತ್ತುವಷ್ಟರಲ್ಲಿ ನಾನು ಗಂಡನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ನಾನು ಉಟ್ಟಿದ್ದ ಧಾರೆ ಸೀರೆಯ ಸೆರಗಿಗೆ ಅಪ್ಪ ತಾನೇ ಕುಚ್ಚು ಕಟ್ಟಿದ್ದ. ಅದನ್ನು ಹರಿದು, ರೇಷ್ಮೆ ಎಳೆಗಳನ್ನು ಗಂಟು ಹಾಕಿ ತೊಡೆಯ ಮೇಲೆ ಹೊಸೆದು ಉದ್ದ ಮಾಡಿದೆ. ಅದರ ಒಂದು ತುದಿಯನ್ನು, ಉಣ್ಣೆಯ ಉಂಡೆಗೆ ಚುಚ್ಚಿದ್ದ ಸೂಜಿಯ ಹಿಂಬದಿಯಿಂದ, ಉಂಗುರದ ಕೆಳಗೆ ಅಂಗೈ ಕಡೆಗೆ ತೂರಿಸಿದೆ. ಉಳಿದ ಉದ್ದವನ್ನು ಉಂಗುರದ ಅಂಚಿನಿಂದ ಗೆಣ್ಣಿನ ಮೇಲಿನವರೆಗೆ ಒತ್ತೊತ್ತಾಗಿ ಬಿಗಿಯಾಗಿ ಸುತ್ತಿದೆ. ನಮ್ಮ ಕಡೆ ನೇಕಾರರ ಬೆರಳಲ್ಲಿ ಉಂಗುರ ಸಿಕ್ಕಿಬಿದ್ದರೆ ತೆಗೆಯುವುದು ಹೀಗೇ. ಅವನು ಅಯ್ಯಯ್ಯೋ ಅವ್ವಾ ಅಂತ ಅರಚಿದ. ಬಾಯ್ಮುಚ್ಚು ಅಂದೆ. ಗಂಡನಿಗೆ ಹಾಗನ್ನಬಾರದು, ಆದರೂ ಅಂದೆ. ಊತ ಒತ್ತಿಹೋಗಿತ್ತು. ಒಳಗೆ ತೂರಿಸಿದ ತುದಿಯನ್ನು ಹಿಡಿದು ಬಿಚ್ಚುತ್ತ ಹೋದೆ. ಒಂದೊಂದು ಸುತ್ತು ಬಿಚ್ಚಿದಂತೆ ಉಂಗುರ ಒಂದೊಂದು ಎಳೆಯಷ್ಟು ಮುಂದೆ ಸರಿಯಿತು. ಗೆಣ್ಣು ದಾಟಿ ನನ್ನ ಮಡಿಲಿಗೆ ಬಿತ್ತು.

"ಭಲೇ" ಅಂದ ಅಕ್ಕಸಾಲಿ. "ಕುಯ್ಯೋದೇ ಬೇಡ. ನನ್ ಕಬ್ಬಿಣದ ಕೋಲಿಗೆ ಹಾಕಿ ಬಡಿದ್ರೆ ಹಿಗ್ತೈತೆ. ಮತ್ತೆ ಹುಡುಗನೇ ಹಾಕ್ಕೋಬಹುದು."

"ನಂಗೆ ಬ್ಯಾಡ" ಅಂದ ಗಂಡ, ಬೆರಳನ್ನು ಬಾಯಲ್ಲಿಟ್ಟುಕೊಂಡು.

"ಕೇಳಿಸ್ತಲ್ಲ? ಮೂಗುಬೊಟ್ಟಿಗೇ ಕೊಡು ಇತ್ತ" ಅಂತ ಅತ್ತೆ ಕೈ ಚಾಚಿದಳು.

ಆ ಕೈ ನನ್ನ ಮಡಿಲಿಗೆ ಬರುವಷ್ಟರಲ್ಲಿ ಉಂಗುರವನ್ನು ನನ್ನ ನಡುಬೆರಳಿಗೆ ತುರುಕಿಕೊಂಡೆ. ಚಿಕ್ಕಂದಿನಿಂದ ರಾಟೆ ತಿರುಗಿಸಿ ನನ್ನ ಗೆಣ್ಣು ದಪ್ಪ. ಚರ್ಮ ಸುಲಿದು ರಕ್ತ ಬಂತು, ಆದರೂ ಒತ್ತಿದೆ. ಒಳಗೆ ಹೋಗಿ ಕೂತಿತು. ಅತ್ತೆ ನನ್ನ ಮಣಿಕಟ್ಟು ಹಿಡಿದು ಜಗ್ಗಿದಳು, ಬರಲಿಲ್ಲ.

"ಆಚಾರ್ರೇ, ಹಾಕ್ರಿ ಅರ!"

ಅವನು ಸಾಮಾನು ಚೀಲಕ್ಕೆ ತುಂಬಿಕೊಂಡ. "ಹೊಸ ಮದುವಣಗಿತ್ತಿ ಕೈಯಾಗಿನ ಚಿನ್ನಕ್ಕೆ ನಾವು ಅರ ಇಕ್ಕಲ್ಲ ತಾಯಿ. ನಮ್ ಕಸುಬಿಗೆ ಆಗಿಬರಲ್ಲ."

"ಹಂಗಾದ್ರೆ ನೀನೇ ಬಿಚ್ಚೇ! ಅದೇ ದಾರ ಸುತ್ಕೊಂಡು ಬಿಚ್ಚು!"

"ಒಂದು ಕೈಯಾಗೆ ಸುತ್ತಾಕೆ ಬರಲ್ಲ ಅತ್ತೆ" ಅಂದೆ. "ನಿಮ್ ಮಗನ ಬೆರಳಿಗೆ ನಾನು ಸುತ್ತಿದೆ. ನಂಗೆ ಸುತ್ತೋರು ಈ ಮನ್ಯಾಗೆ ಯಾರೈದಾರೆ, ಹೇಳ್ರಿ."

ನಾನು ಗಂಡನ ಕಡೆ ನೋಡಿದೆ. ಅವನು ಎದ್ದು ಬೆರಳಿಗೆ ತಣ್ಣೀರು ಹಾಕಿಕೊಳ್ಳಲು ಹಿತ್ತಲಿಗೆ ಹೋದ. ಉಂಗುರ ನನಗೇ ಉಳಿಯಿತು.