ಬಿದಿರಿನ ಬುಡಕ್ಕೆ ರಟ್ಟು

ಹೋದ ಮಳೆಗಾಲದಲ್ಲಿ ನನ್ನ ಗಂಡ ಶಿವನಿ ಊರಿನ ನಮ್ಮ ಹೊಲದ ಬದುವಿನುದ್ದಕ್ಕೂ ಬಿದಿರು ಸಸಿ ನೆಟ್ಟರು. ನೆಟ್ಟು ಮುಗಿಸಿ ಕೈ ತೊಳೆಯುತ್ತಾ, "ಎರಡು ವರ್ಷ ಕಳೆ ಬಿಡ್ಬೇಡ ಕಣೇ. ಆಮೇಲೆ ಅದೇ ನೋಡ್ಕೊಳ್ಳುತ್ತೆ," ಅಂದರು. ಸಾರು ಏನು ಮಾಡಿದ್ದೀಯ ಎಂದು ಕೇಳುವಷ್ಟೇ ಸಹಜವಾಗಿ ಹೇಳಿದ ಮಾತು. ದಸರೆಗೆ ಮೊದಲೇ ಅವರು ತೀರಿಕೊಂಡರು. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ಆ ಮಾತು ನನ್ನ ಮೇಲೆ ಉಳಿಯಿತು.

ಅವರ ಶಿವಗಣಾರಾಧನೆಯ ಕಾರ್ಯ ಮುಗಿಸಿ ಹೊಲಕ್ಕೆ ಹೋದರೆ ಸಸಿಗಳೇ ಕಾಣಲಿಲ್ಲ. ಪಾರ್ಥೇನಿಯಂ ಮೊಣಕಾಲೆತ್ತರ ಬೆಳೆದಿತ್ತು, ಅದರಡಿ ಜೇಕು ಹುಲ್ಲು. ಕಳೆ ಕೀಳುವ ಕುರ್ಪಿ ಹಿಡಿದು ಕೂತೆ. ಸಿಟ್ಟಿನಲ್ಲಿ ಬುಡದವರೆಗೂ ಕೆದಕಿದಾಗ ಮಣ್ಣೊಳಗೆ ಆಗಷ್ಟೇ ತಲೆ ಎತ್ತುತ್ತಿದ್ದ ಬಿದಿರಿನ ಹೊಸ ಕಳಲೆಯೊಂದು ತುಂಡಾಗಿ ಕೈಗೆ ಬಂತು. ಅವತ್ತಿನಿಂದ ಕುರ್ಪಿ ಬಿಟ್ಟು ಬೆರಳಲ್ಲೇ ಕಿತ್ತೆ. ಈ ತುದಿ ಮುಗಿಯುವಷ್ಟರಲ್ಲಿ ಆ ತುದಿಯಲ್ಲಿ ಮತ್ತೆ ಹುಟ್ಟಿರುತ್ತಿತ್ತು.

ಬೀರೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನಕ್ಕ ಫೋನ್ ಮಾಡಿದಾಗಲೆಲ್ಲ, "ಬಂದು ನಮ್ಮ ಜೊತೆ ಇದ್ಬಿಡು," ಎನ್ನುತ್ತಿದ್ದಳು. "ಕಳೆ ಐತೆ ಕಣಕ್ಕಾ," ಎನ್ನುತ್ತಿದ್ದೆ. ಆ ಕಳೆಯನ್ನೇ ಮುಗಿಸಬೇಕೆಂದು ಅವಳು ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಕಟ್ಟಿ ಬಸ್ಸಿನಲ್ಲಿ ಕಳಿಸತೊಡಗಿದಳು. ಬಿಸ್ಕತ್ತಿನವು, ಸೋಪಿನವು. ಬೆಳಕು ಸಿಗದೆ ಕಳೆ ಸಾಯಲೆಂದು ಅವನ್ನು ಬಿಡಿಸಿ, ನೆನೆಸಿ, ಪ್ರತಿ ಸಸಿಯ ಸುತ್ತ ಹಾಸಿದೆ. ಗೆದ್ದಲು ಹತ್ತದಿರಲಿ ಎಂದು ಬುಡಕ್ಕೆ ಗೇಣಗಲ ಜಾಗ ಬಿಟ್ಟು, ಮೇಲೆ ತೆಂಗಿನ ಗರಿ ಹೊದಿಸಿದೆ. ಬರುಬರುತ್ತಾ ಕೀಳಲು ಏನೂ ಉಳಿಯಲಿಲ್ಲ. ಆದರೂ ಬೆಳಿಗ್ಗೆ ಹೋಗಿ ಅಲ್ಲೇ ಕೂರುತ್ತಿದ್ದೆ. ಫೋನಿನಲ್ಲಿ ಮಾತ್ರ ಕಳೆ ಇದ್ದೇ ಇತ್ತು.

ಕಳೆದ ವಾರ ಅಕ್ಕ ಹೇಳದೆ ಕೇಳದೆ ರೈಲಿಳಿದು ಸೀದಾ ಹೊಲಕ್ಕೆ ಬಂದಳು. ಬದುವಿನುದ್ದಕ್ಕೂ ನಡೆದು ನೋಡಿದಳು.

"ಎಲ್ಲೇ ನಿನ್ ಕಳೆ? ನಮ್ಮನೆ ಅಂಗಳಾನೂ ಇಷ್ಟು ಚೆನ್ನಾಗಿಲ್ಲ."

ಒಂದು ರಟ್ಟಿನ ಅಂಚು ಎತ್ತಿ ತೋರಿಸಿದೆ. ಅಡಿಯಲ್ಲಿ ಜೇಕು ಬೆಳ್ಳಗೆ, ದಾರದ ಹಾಗೆ, ಬೆಳಕು ಹುಡುಕುತ್ತಾ ತನಗೆ ತಾನೇ ಸುತ್ತಿಕೊಂಡಿತ್ತು.

"ಸತ್ತಿಲ್ಲ ನೋಡು," ಅಂದೆ.

"ಎರಡು ವರ್ಷ ಅಂದಿದ್ರಲ್ಲ ನಿನ್ ಗಂಡ. ಆಮೇಲೆ?"

"ಆಮೇಲೆ ಬಿದಿರೇ ನೋಡ್ಕೊಳ್ಳುತ್ತೆ ಅಂದ್ರು."

"ಅದು ನೋಡ್ಕೊಳ್ಳುತ್ತೆ ಕಣೇ. ನೀನು?"

ಅವರ ಮಾತಿನ ಆ ಅರ್ಧವನ್ನು ನಾನು ಇಷ್ಟು ದಿನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಿದಿರು ಹರಡಿ ನೆಲಕ್ಕೆ ನೆರಳಾದರೆ ಅದಕ್ಕೆ ನಾನು ಬೇಕಿಲ್ಲ. ಅವರು ಹೇಳಿಹೋದ ಕೆಲಸ ಇನ್ನೊಂದಿಲ್ಲ.

ಸಂಜೆಯ ರೈಲಿಗೆ ಅಕ್ಕ ಒಬ್ಬಳೇ ಹೊರಟಳು. ಹತ್ತುವ ಮುಂಚೆ, "ಬಾಕ್ಸ್ ಕಳಿಸ್ಲಾ, ಬೇಡ್ವಾ?" ಎಂದು ಕೇಳಿದಳು.

"ಕಳಿಸು," ಅಂದೆ.

ಮತ್ತೆ ಹೊಲಕ್ಕೆ ಹೋಗಿ, ಎತ್ತಿದ್ದ ರಟ್ಟನ್ನು ಮುಚ್ಚಿ, ಗಾಳಿಗೆ ಹಾರದಂತೆ ಕಲ್ಲಿಟ್ಟು ಬಂದೆ.