ಕಿಟಕಿಯಿಂದ ಕೂಗಿದ ಹೆಸರು

ಮೂರು ವರ್ಷದ ಹಿಂದೆ ನಾನು ಸರ್ಕಾರಿ ಆಸ್ಪತ್ರೆಯೊಂದರ ಚೀಟಿ ಕಿಟಕಿಯಲ್ಲಿ ಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್ ಆಗಿ ಸೇರಿದೆ. ಹುದ್ದೆಯ ಹೆಸರು ನನಗಿಂತ ಉದ್ದ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕರಲ್ಲಿ ಯಾವ ತಾಲೂಕು ಎಂದು ಮಾತ್ರ ಕೇಳಬೇಡಿ.

ಚೀಟಿ ಮಾಡಿ ರೋಗಿಗಳನ್ನು ಕರೆಯುವುದೂ ನನ್ನದೇ ಕೆಲಸ. ನಮ್ಮಲ್ಲಿ ಬರೀ ಹೆಸರು ಕೂಗಿದರೆ ಆರು ಮಂದಿ ಎದ್ದು ನಿಲ್ಲುತ್ತಾರೆ. ಹಾಗಾಗಿ ಊರು, ಹೆಸರು, ಗಂಡನ ಹೆಸರು ಮೂರನ್ನೂ ಕೂಗುವ ರೂಢಿ. ನಾನು ಅದಕ್ಕೆ ಮಿಮಿಕ್ರಿ ಸೇರಿಸಿದೆ. ದೂರದ ಊರಿನವರಿಗೆಲ್ಲ ಬಸ್ ಕಂಡಕ್ಟರ್, ನವಿಲುಧಾಮವಿರುವ ಬಂಕಾಪುರದವರಿಗೆ ನವಿಲು. ಡಾಕ್ಟರ್ ಮೇಡಂ ಧ್ವನಿಯನ್ನೂ ಬಿಡುತ್ತಿರಲಿಲ್ಲ. "ನಿನ್ನ ಬಾಯಿಗೆ ಹೊಲಿಗಿ ಹಾಕಬೇಕ್ ನೋಡು" ಎಂದು ಅವರೂ ನಗುತ್ತಿದ್ದರು.

ಒಂದು ಸೋಮವಾರ ಇಪ್ಪತ್ತಾರರ ಹೆಣ್ಣುಮಗಳೊಬ್ಬಳು ಹತ್ತು ತಿಂಗಳ ಕೂಸಿಗೆ ಲಸಿಕೆ ಹಾಕಿಸುವ ನೆವದಲ್ಲಿ ಬಂದಳು. ಇಬ್ಬರು ಹೆಣ್ಣುಮಕ್ಕಳು, ಎರಡೂ ಸಿಸೇರಿಯನ್. ಈಗ ಮತ್ತೆ ಒಂಬತ್ತು ವಾರದ ಬಸಿರು, ಅದನ್ನು ತೆಗೆಸಬೇಕಿತ್ತು. ಇನ್ನೊಮ್ಮೆ ಹೊಟ್ಟೆ ಕೊಯ್ಯಿಸಿಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಗಂಡು ಹುಟ್ಟುವತನಕ ಮನೆಯವರು ಬಿಡುವವರಲ್ಲ.

"ಮನ್ಯಾಗಿನವ್ರ ಸಹಿ ಬೇಕಾಗ್ತದೇನ್ರಿ?" ಎಂದು ಮೇಡಂ ಅವರನ್ನು ಕೇಳಿದಳಂತೆ.

"ನಿಂದಷ್ಟ ಸಾಕವಾ."

ಗರ್ಭಪಾತದ ಕಾನೂನು ಇರುವುದೇ ಹಾಗೆ. ಇಪ್ಪತ್ತು ವಾರದೊಳಗಾದರೆ ಒಬ್ಬ ವೈದ್ಯರ ಅಭಿಪ್ರಾಯ, ಹದಿನೆಂಟು ದಾಟಿದ ಹೆಂಗಸಿನ ಒಪ್ಪಿಗೆ. ಗಂಡನ ಒಪ್ಪಿಗೆ ಬೇಕಿಲ್ಲ. ಅವಳ ಹೆಸರು ಹೊರಗೆ ಬಿಡುವಂತಿಲ್ಲ. ಖಾಸಗಿತನ ಸಂವಿಧಾನದ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ ಆಗಲೇ ಹೇಳಿಯೂ ಆಗಿತ್ತು. ಇದನ್ನೆಲ್ಲ ಮೇಡಂ ನನ್ನನ್ನು ಕೂರಿಸಿಕೊಂಡು ಹೇಳಿದ್ದು, ಎಲ್ಲ ಕೆಟ್ಟ ಮೇಲೆ.

ಅವಳಿಗೆ ರಕ್ತ ಕಡಿಮೆಯಿತ್ತು, ಗುರುವಾರ ಬಾ ಎಂದು ಮೇಡಂ ಹೇಳಿದ್ದರು. ಅವಳು ಹೊರಡುವಷ್ಟರಲ್ಲಿ ಒಪ್ಪಿಗೆ ಪತ್ರದಲ್ಲಿ ಒಂದು ಸಹಿ ಉಳಿದಿದೆಯೆಂದು ಕಾಗದ ನನ್ನ ಕಿಟಕಿಗೆ ಬಂತು. ನಾನು ಮೈಕ್ ಹಿಡಿದು ಕಂಡಕ್ಟರ್ ಆದೆ. ಊರು, ಹೆಸರು, ಗಂಡನ ಹೆಸರು.

"ಏಳನೇ ರೂಮಿನ ಫಾರ್ಮಿಗೆ ಸಹಿ ಉಳದೈತಿ, ಲಗೂನ ಬರ್ರಿ, ರೈಟ್ ರೈಟ್!"

ಏಳನೇ ರೂಮು ಬಸಿರು ತೆಗೆಸುವುದಕ್ಕೆಂದು ಬೆಂಚಿನ ಮೇಲಿನ ಹೆಂಗಸರಿಗೆಲ್ಲ ಗೊತ್ತು. ಆದರೂ ನನ್ನ ಧ್ವನಿಗೆ ನಕ್ಕರು. ಮೊಣಕಾಲು ನೋವಿಗೆಂದು ಬಂದಿದ್ದ ಒಬ್ಬ ಹಿರಿಯಾಕೆ ನಗಲಿಲ್ಲ. ನಾನು ಹೆಸರು ಕೂಗಿದವಳ ಗಂಡನ ಸೋದರತ್ತೆ ಆಕೆ.

ಗುರುವಾರ ಅವಳು ಬರಲಿಲ್ಲ. ಗಂಡ ಬಂದ.

"ನನ್ನ ಹೇಣ್ತಿ ಇಲ್ಲಿ ಯಾಕ ಬಂದಿದ್ಲು?"

"ಯಾರು ಬಂದಿದ್ರು, ಯಾಕ ಬಂದಿದ್ರು ಅಂತ ಹೇಳಾಕ ಬರೂದಿಲ್ರಿ."

"ಮೊನ್ನೆ ಮೈಕಿನ್ಯಾಗ ನೀನ ಹೇಳೀಯಂತಲ್ಲೋ!"

ಅವನು ಹೋದ ಮೇಲೆ ಮೇಡಂ ಕೋಣೆಗೆ ಓಡಿದೆ.

ಅವಳ ಮನೆಗೆ ಯಾರನ್ನಾದರೂ ಕಳಿಸೋಣವೇ ಎಂದೆ. ಕಳಿಸಿದರೆ ಇನ್ನಷ್ಟು ಬಯಲಾಗುತ್ತದೆ ಎಂದು ಮೇಡಂ ಬೇಡವೆಂದರು. ನನ್ನ ಬಾಯಿಗೆ ಹೊಲಿಗೆ ಹಾಕುವ ತಮಾಷೆಯನ್ನು ಅವರು ಮತ್ತೆಂದೂ ಆಡಲಿಲ್ಲ. ಅಂದಿನಿಂದ ನಾನು ಚೀಟಿಯ ನಂಬರ್ ಮಾತ್ರ ಕೂಗುತ್ತೇನೆ, ನವಿಲು ಗಿವಿಲು ಏನೂ ಇಲ್ಲದೆ.

ಐದು ತಿಂಗಳ ಬಳಿಕ ಅವಳು ಕಿಟಕಿಗೆ ಬಂದಳು. ಮುಖ ಬಿಳುಚಿತ್ತು, ಹೊಟ್ಟೆ ಮುಂದೆ ಬಂದಿತ್ತು. ಹಿಂದೆ ಬೆಂಚಿನಲ್ಲಿ ಅವಳ ಗಂಡನ ತಾಯಿ ಕೂತಿದ್ದರು. ನಾನು ದನಿ ತಗ್ಗಿಸಿ, "ಈಗ ಹೆಸರು ಕೂಗೂದಿಲ್ರಿ ಅಕ್ಕಾರ, ನಂಬರ್ ಅಷ್ಟ" ಎಂದೆ.

"ಈಗ ಕೂಗ್ರಿ," ಎಂದಳು. "ಬಸರು ಉಳದದ್ದು ಎಲ್ಲಾರೂ ಕೇಳ್ಲಿ ಅಂತನ ಕರ್ಕೊಂಡು ಬಂದಾರ."

ನಾನು ನಲವತ್ತೊಂದು ಎಂದಷ್ಟೇ ಕೂಗಿದೆ.

ಕಾನೂನು ಡಾಕ್ಟರ ಕೋಣೆಯವರೆಗೆ ಬಂದರೆ ಸಾಲದು, ಮೈಕ್ ಹಿಡಿದವನ ನಾಲಿಗೆಯವರೆಗೂ ಬರಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಅದೂ ಅವಳ ಲೆಕ್ಕದಲ್ಲಿ. ಅವಳ ಹೆಸರನ್ನು ಇಲ್ಲಿ ಬರೆದಿಲ್ಲ, ಊರನ್ನೂ ಬರೆದಿಲ್ಲ. ಒಮ್ಮೆ ಕೂಗಿದ್ದು ಸಾಕು.