ಪುಟ್ಟಮಾದಯ್ಯನ ಮೂಗಿಗೆ ಎರಡು ಹನಿ

ಕಿರುಗಾವಲಿನ ಪುಟ್ಟಮಾದಯ್ಯ ಕ್ಷೌರದಂಗಡಿಯಲ್ಲಿ ಕೂತರೆ ತಲೆಯನ್ನು ಹಿಂದಕ್ಕೆ ಒರಗಿಸುತ್ತಿರಲಿಲ್ಲ. ಗಡ್ಡ ಕೆರೆಯುವವನೇ ಬಗ್ಗಿ ಅವನ ಗದ್ದದ ಕೆಳಗೆ ಕತ್ತಿ ಆಡಿಸಬೇಕಿತ್ತು. ಸ್ನಾನಕ್ಕೆ ಕೂತರೂ ತಲೆ ತಗ್ಗಿಸಿ, ಮೂಗು ಹಿಡಿದುಕೊಂಡು ನೀರು ಹುಯ್ದುಕೊಳ್ಳುತ್ತಿದ್ದ. ಹುಡುಗನಾಗಿದ್ದಾಗ ಎಮ್ಮೆಯ ಮೈ ತೊಳೆಯಲು ಹೋಗಿ ನಾಲೆಗೆ ಜಾರಿದ್ದ. ಯಾರೋ ಕೂದಲು ಹಿಡಿದು ದಡಕ್ಕೆ ಎಳೆಯುವಷ್ಟರಲ್ಲಿ ಮೂಗು, ಗಂಟಲು, ಎದೆಯೆಲ್ಲ ಕೆಸರು ನೀರು ತುಂಬಿತ್ತು. ಬದುಕಿಕೊಂಡ. ಆದರೆ ಮೂಗಿನೊಳಗೆ ನೀರು ನುಗ್ಗಿದ ಆ ಉರಿ ಐವತ್ತು ದಾಟಿದರೂ ಅವನನ್ನು ಬಿಟ್ಟಿರಲಿಲ್ಲ. ಹೆಂಡತಿ ಪಟ್ಟಲಮ್ಮನನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ.

ಅವನು ಮಳವಳ್ಳಿಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಮೂಟೆ ಬಿಚ್ಚಿ ಭತ್ತವನ್ನು ಯಂತ್ರದ ಬುಡದ ಗುಂಡಿಗೆ ಸುರಿಯುವುದು ಅವನ ಪಾಲಿನದು. ಸುರಿದಾಗಲೆಲ್ಲ ಏಳುವ ಧೂಳು ಹುಬ್ಬಿನ ಮೇಲೂ ಕೂರುತ್ತಿತ್ತು. ಮೊದಮೊದಲು ಸೀನು, ಆಮೇಲೆ ನೆಗಡಿ. ಕೊನೆಗೆ ಮೂಗು ಕಟ್ಟಿದ್ದು ಬಿಡಲೇ ಇಲ್ಲ. ಹುರಳಿ ಸಾರಿನ ಘಮ ಮೂಗಿಗೆ ಹತ್ತದಾಯಿತು. ಅವನು ಬಾಯಿ ತೆರೆದುಕೊಂಡೇ ಉಸಿರಾಡುವುದನ್ನು ರೂಢಿ ಮಾಡಿಕೊಂಡ.

ಒಂದು ಮಧ್ಯಾಹ್ನ ಉಂಡು ಖಾಲಿ ಚೀಲಗಳ ಮೇಲೆ ಒರಗಿದವನಿಗೆ ಜೊಂಪು ಹತ್ತಿತು. ನಿದ್ದೆಯಲ್ಲಿ ಬಾಯಿ ಮುಚ್ಚಿಕೊಂಡಿತೋ ಏನೋ, ಉಸಿರೇ ಇಲ್ಲದಂತಾಗಿ ಎದ್ದು ಕೂತ. ಬಾಯಿ ಬಿಟ್ಟರೂ ಗಾಳಿ ಒಳಗೆ ಹೋಗಲಿಲ್ಲ. ಸುತ್ತ ಯಂತ್ರದ ಸದ್ದು. ಕೂಗಿದರೂ ಯಾರಿಗೂ ಕೇಳುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಉಸಿರು ಬಂತು. ಅಂದಿನಿಂದ ಅವನು ಮಲಗುವುದನ್ನೇ ಬಿಟ್ಟ. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತು ತೂಕಡಿಸುತ್ತಿದ್ದ. ಪಟ್ಟಲಮ್ಮ ಕೇಳಿದರೆ ಸೆಕೆ ಎನ್ನುತ್ತಿದ್ದ.

ಅವನು ಬಾಯಲ್ಲೇ ಉಸಿರಾಡುವುದನ್ನು ಜೊತೆಯ ಕೆಲಸಗಾರ ಕರಿಯಯ್ಯ ಗಮನಿಸಿದ್ದ. ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನೋಡಿ, ಸಾಸಿವೆ ಎಣ್ಣೆಗೆ ಬೆಳ್ಳುಳ್ಳಿ, ಕರ್ಪೂರ ಹಾಕಿ ಕಾಯಿಸಿ, ಮೂಗಿಗೆ ಬಿಡಲೆಂದು ಸೀಸೆಯಲ್ಲಿ ತಂದ. ಪುಟ್ಟಮಾದಯ್ಯ ಆಗದು ಅಂದ. ಕರಿಯಯ್ಯ ಕೇಳಬೇಕಲ್ಲ.

"ಗಟ್ಟಿ ಮನ್ಸು ಮಾಡ್ಲಾ. ಒಂದೇ ಸಲ ಹುಯ್ದ್‌ಬುಟ್ರೆ ಕಟ್ಟಿರೋದೆಲ್ಲ ಕಿತ್ಕೊಂಡ್ ಓಯ್ತದೆ."

ಮಲಗಿಸಿ, ಹಣೆ ಒತ್ತಿ ಹಿಡಿದು ಹುಯ್ದೇಬಿಟ್ಟ. ಎಣ್ಣೆ ಬೆಂಕಿಯಂತೆ ಒಳಗಿಳಿದು ಗಂಟಲಿಗೆ ಬಿತ್ತು. ಪುಟ್ಟಮಾದಯ್ಯನ ಕಣ್ಣೆದುರು ಗಿರಣಿ ಇರಲಿಲ್ಲ. ಕಂದು ಬಣ್ಣದ ನೀರಿತ್ತು, ಕಾಲಿಗೆ ನೆಲ ಸಿಗುತ್ತಿರಲಿಲ್ಲ. ಕರಿಯಯ್ಯನನ್ನು ಒದ್ದು ಎದ್ದವನು ಅಂಗಳದವರೆಗೆ ಓಡಿ ಕೆಮ್ಮಿ ಕೆಮ್ಮಿ ಕುಸಿದ. ಕರಿಯಯ್ಯನೂ ಹೆದರಿ ಬಿಳಿಚಿಕೊಂಡಿದ್ದ. ಅವನೇ ಊರಿನವರೆಗೆ ಕರೆತಂದು ಬಿಟ್ಟು, ನಡೆದದ್ದನ್ನು ಪಟ್ಟಲಮ್ಮನಿಗೆ ಒಪ್ಪಿಸಿದ.

ಅವಳು ಬೈಯಲಿಲ್ಲ. ಮಾರನೆಯ ದಿನ ಗಂಡನನ್ನು ಮಂಡ್ಯಕ್ಕೆ, ಆಯುರ್ವೇದದ ಡಾಕ್ಟರು ನಯನ ಅವರ ಬಳಿಗೆ ಕರೆದುಕೊಂಡು ಹೋದಳು. ನಯನ ಅವರು ಎದೆಗೆ ಕೊಳವೆ ಇಟ್ಟು ಕೇಳಿದರು, ಟಾರ್ಚು ಹಾಕಿ ಮೂಗಿನೊಳಗೆ ನೋಡಿದರು. ನಸ್ಯ ಮಾಡಬಹುದು, ಆದರೆ ಈಗಲೇ ಅಲ್ಲ ಅಂದರು. ಪಟ್ಟಲಮ್ಮನಿಗೆ ಗಾಬರಿಯಾಯಿತು.

"ನಸ್ಯ ಅಂದ್ರೆ ಪುಡಿ ಏರಿಸೋದಾ ತಾಯಿ? ಅದ್ನೆಲ್ಲ ನಮ್ ಮನೇಲಿ ಯಾರೂ ಮಾಡಾಕಿಲ್ಲ."

ಡಾಕ್ಟರು ನಕ್ಕು, ಇದು ಆ ಪುಡಿಯಲ್ಲ, ದಿನಾ ಬೆಳಿಗ್ಗೆ ಮೂಗಿಗೆ ಬಿಟ್ಟುಕೊಳ್ಳುವ ಎಳ್ಳೆಣ್ಣೆಯ ಔಷಧಿ, ಎರಡೇ ಹನಿ ಎಂದು ಬಿಡಿಸಿ ಹೇಳಿದರು. ಆಮೇಲೆ ದನಿ ತಗ್ಗಿಸಿದರು. ಬಲಗಡೆ ಏನೋ ಊದಿಕೊಂಡಿದೆ, ಮೊದಲು ಕಿವಿ ಮೂಗಿನ ತಜ್ಞರಿಗೆ ತೋರಿಸಿ, ಗೆಡ್ಡೆ ಇದ್ದರೆ ಎಣ್ಣೆಯಿಂದ ಕರಗುವುದಿಲ್ಲ ಅಂದರು.

ಗೆಡ್ಡೆ ಎಂಬ ಮಾತೊಂದೇ ಪುಟ್ಟಮಾದಯ್ಯನ ಕಿವಿಗೆ ಬಿದ್ದದ್ದು. ತಜ್ಞರು ಆ ದಿನ ಇರಲಿಲ್ಲ. ಊರಿಗೆ ಮರಳುವ ಬಸ್ಸಿನಲ್ಲಿ ಅವನು ಮೂಗಿನ ಪಕ್ಕವನ್ನು ಮತ್ತೆ ಮತ್ತೆ ಒತ್ತಿ ನೋಡಿಕೊಂಡ. ಮನೆ ಸೇರಿದ ಮೇಲೆ, ನನಗೇನಾದರೂ ಆದರೆ ಮಗಳ ಮದುವೆಗೆ ಯಾರನ್ನು ಮುಂದೆ ನಿಲ್ಲಿಸಬೇಕು ಎಂದು ಹೆಂಡತಿಗೆ ಹೇಳತೊಡಗಿದ. ಅವಳು ಎದ್ದು ಒಲೆಯ ಮುಂದೆ ಹೋಗಿ ಕೂತಳು. ಅವಳಿಗೂ ಹೆದರಿಕೆ ಇತ್ತು, ತೋರಿಸಿಕೊಳ್ಳಲು ಇಷ್ಟವಿರಲಿಲ್ಲ.

ಮತ್ತೆ ಮಂಡ್ಯಕ್ಕೆ ಹೋಗಿ ತಜ್ಞರಿಗೆ ತೋರಿಸಿದಾಗ ಗೆಡ್ಡೆ ಇರಲಿಲ್ಲ. ಧೂಳಿನಿಂದ ಒಳಚರ್ಮ ದಪ್ಪವಾಗಿ ಊದಿತ್ತು ಅಷ್ಟೆ. ತಜ್ಞರು ಔಷಧಿ ಕೊಟ್ಟು, ಮೂಗು ಮುಚ್ಚಿಕೊಳ್ಳದೆ ಭತ್ತದ ಹತ್ತಿರ ಹೋಗಬೇಡ ಎಂದು ಗದರಿಸಿದರು. ಬಾವು ಇಳಿದ ಮೇಲೆ ನಯನ ಅವರು ಎಣ್ಣೆ ಕೊಟ್ಟು ಕ್ರಮ ಕಲಿಸಿದರು. ಮುಖಕ್ಕೆ ಬಿಸಿಬಟ್ಟೆಯ ಶಾಖ, ಕತ್ತಿನ ಕೆಳಗೆ ದಿಂಬು, ಉಗುರುಬೆಚ್ಚಗಿನ ಎಣ್ಣೆ; ಗಂಟಲಿಗೆ ಬಂದದ್ದನ್ನು ನುಂಗದೆ ಉಗಿಯಬೇಕು. ಜ್ವರ ಬಂದ ದಿನ, ತಲೆಗೆ ನೀರು ಹಾಕಿಕೊಂಡ ಕೂಡಲೆ, ಹೊಟ್ಟೆ ತುಂಬ ಉಂಡ ಮೇಲೆ ಬೇಡ.

ಮನೆಯಲ್ಲಿ ದಿಂಬಿನ ಮೇಲೆ ಕತ್ತು ಇಟ್ಟೊಡನೆ ಅವನ ಮೈ ಸೆಟೆದುಕೊಂಡಿತು. ಪಟ್ಟಲಮ್ಮ ಹನಿ ಬಿಡುವ ಮೊದಲೇ ಅವಳ ಮಣಿಕಟ್ಟು ಹಿಡಿದುಕೊಂಡ. ಕೆಲವು ದಿನ ಅಲ್ಲಿಗೇ ನಿಂತಿತು. ಬರೀ ಕಿರುಬೆರಳಿಗೆ ಎಣ್ಣೆ ಮುಟ್ಟಿಸಿ ಮೂಗಿನ ಅಂಚಿಗೆ ಸವರಿಕೊಂಡರೂ ಸದ್ಯಕ್ಕೆ ಸಾಕು ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಅದಕ್ಕೆ ಒಗ್ಗಿಕೊಂಡ. ಒಂದು ಬೆಳಿಗ್ಗೆ ತಾನಾಗಿಯೇ ದಿಂಬು ಎಳೆದುಕೊಂಡು ಮಲಗಿ, ಹೆಂಡತಿಯ ಎಡಗೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡ.

"ಕೈ ತೆಗೀಬ್ಯಾಡ. ನಾನು ಕೂಗಿದ್ರೂ ತೆಗೀಬ್ಯಾಡ ಕಣಮ್ಮಿ."

"ತೆಗ್ಯಾಕಿಲ್ಲ, ಬುಡು."

ಹನಿ ಬಿತ್ತು. ಎದೆ ಡವಗುಟ್ಟುವುದು ಅವಳ ಅಂಗೈಗೆ ತಿಳಿಯುತ್ತಿತ್ತು. ಎಣ್ಣೆ ಬೆಚ್ಚಗೆ, ನಿಧಾನವಾಗಿ ಇಳಿಯಿತು; ನುಗ್ಗಲಿಲ್ಲ. ಅವನು ಎದ್ದು ಉಗಿದು, ಮುಖ ಒರೆಸಿಕೊಂಡ. ಕಣ್ಣಲ್ಲಿ ನೀರಿತ್ತು.

ತಿಂಗಳುಗಳು ಕಳೆದ ಹಾಗೆ ಮೂಗು ಒಣಗುವುದು, ಉರಿಯುವುದು ಕಡಿಮೆಯಾದವು. ಗಿರಣಿಯಲ್ಲಿ ಅವನು ಮುಖಕ್ಕೆ ಮಾಸ್ಕು ಹಾಕುತ್ತಾನೆ. ಈಗ ತೂಕದ ಕಡೆ ಕೆಲಸ. ಚಾಪೆಯ ಮೇಲೆ ಮಲಗಿ ನಿದ್ದೆ ಮಾಡುತ್ತಾನೆ. ಭಯ ಪೂರ್ತಿ ಹೋಗಿದೆ ಎಂದು ಅವನು ಹೇಳುವುದಿಲ್ಲ.

ಮೊನ್ನೆ ಪಟ್ಟಲಮ್ಮ ಬಂಡೂರಿನ ತಂಗಿಯ ಮನೆಗೆ ಹೋಗಿದ್ದಳು. ಬೆಳಿಗ್ಗೆ ಅವನು ಒಬ್ಬನೇ ಎಣ್ಣೆ ಬೆಚ್ಚಗೆ ಮಾಡಿಕೊಂಡು ಮಲಗಿದ. ಸೀಸೆ ಮೂಗಿನ ಹತ್ತಿರ ಬಂದಾಗ ಅದನ್ನು ಕೆಳಗಿಟ್ಟ. ಎದ್ದು ಕೂತ. ಬಾಗಿಲು ತೆರೆದಿಟ್ಟು, ಬೀದಿಯಲ್ಲಿ ಜನ ಓಡಾಡುವ ಸದ್ದು ಕೇಳಿಸುವಂತೆ ಮಾಡಿಕೊಂಡು, ಮತ್ತೆ ಮಲಗಿ ಹನಿ ಬಿಟ್ಟುಕೊಂಡ. ಆಮೇಲೆ ಮಳವಳ್ಳಿಯ ಬಸ್ಸು ಹಿಡಿದು ಕೆಲಸಕ್ಕೆ ಹೋದ.